ನರ ತೆಗೆದ ಮೇಲೂ ನೋವು ಇರುತ್ತದೆ ಸ್ವಾಮಿ

ಸಂಪಾದಕರೇ,

ರೂಟ್ ಕೆನಾಲ್ ಆದ ಮೇಲೂ ನೋಯುತ್ತಿದೆ ಅಂದರೆ ಎಲ್ಲರದೂ ಒಂದೇ ಮಾತು: 'ನರಾನೇ ತೆಗೆದಾಯ್ತಲ್ಲ, ಇನ್ನೆಲ್ಲಿಯ ನೋವು?' ದಂತವೈದ್ಯರೂ ಇದನ್ನೇ ಹೇಳಿದರು, ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೂ ಇದೇ, ಮನೆಯಲ್ಲಂತೂ ಕೇಳಿ ಕೇಳಿ ಸಾಕಾಗಿತ್ತು. ಈ ಮಾತು ತಪ್ಪು ಅಂತ ಹೇಳುವುದಕ್ಕೇ ಈ ಪತ್ರ.

ತೆಗೆಯುವುದು ಹಲ್ಲಿನ ಒಳಗಿನ ನರ ಮಾತ್ರ. ಬೇರಿನ ಸುತ್ತ, ಹಲ್ಲನ್ನು ಮೂಳೆಗೆ ಹಿಡಿದಿಟ್ಟಿರುವ ನಾರಿನಲ್ಲೂ ನರ ಇರುತ್ತದೆ, ಅದು ಎಲ್ಲೂ ಹೋಗಿರುವುದಿಲ್ಲ. ಹಾಗಾಗಿ ಮೊದಲ ಕೆಲವು ದಿನ ಅಗಿದರೆ ನೋಯುವುದು ಸಹಜ, ಬಹಳಷ್ಟು ಜನಕ್ಕೆ ವಾರದೊಳಗೆ ಕಡಿಮೆಯಾಗುತ್ತದೆ. ಆಗದಿದ್ದರೆ ಕಾರಣ ಹುಡುಕಬೇಕು ಅಲ್ವಾ? ಕ್ಯಾಪ್ ಕೂದಲೆಳೆಯಷ್ಟು ಎತ್ತರ ಆದರೂ ಸಾಕು, ಕಚ್ಚಿದಾಗಲೆಲ್ಲ ಆ ಹಲ್ಲಿಗೇ ಏಟು. ಬೇರಿನಲ್ಲಿ ಸಣ್ಣ ಬಿರುಕು ಇರಬಹುದು. ಇಲ್ಲವೇ ಬೇರಿನೊಳಗೆ ನರ ಹಾಯುವ ನಾಳಗಳಲ್ಲಿ ಒಂದು ಕಣ್ಣುತಪ್ಪಿ ಹಾಗೇ ಉಳಿದಿರಬಹುದು. ಮೇಲಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಬೇರು ಮೂರು, ಆದರೆ ಎಷ್ಟೋ ಸಲ ನಾಳ ನಾಲ್ಕು. ಆ ನಾಲ್ಕನೆಯದು ಮಾಮೂಲಿ ಎಕ್ಸ್‌ರೇಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕೆಳದವಡೆಯ ಹಲ್ಲಾದರೆ ಇನ್ನೊಂದು ವಿಷಯ: ಇಂಜೆಕ್ಷನ್ನಿನ ಜೋಮು ಮರುದಿನವೂ ಇಳಿಯದೆ ತುಟಿ, ಗಲ್ಲ ಮರಗಟ್ಟಿದಂತೆ ಇದ್ದರೆ ಸುಮ್ನೆ ಕೂರಬೇಡಿ. ತುಂಬಿದ ಔಷಧಿ ಬೇರಿನ ತುದಿ ದಾಟಿ ದೊಡ್ಡ ನರದ ಹತ್ತಿರ ಹೋಗಿರಬಹುದು, ಅವತ್ತೇ ಹೋಗಿ ತೋರಿಸಿ.

ನನ್ನದು ಇದ್ಯಾವುದೂ ಆಗಿರಲಿಲ್ಲ.

ಎಡಗಡೆ ಮೇಲಿನ ಹಲ್ಲಿನಲ್ಲಿ ಸಣ್ಣ ಹುಳುಕಿತ್ತು. ಚುಳ್ ಅನ್ನುವ ನೋವು ಬಂತು, ರೂಟ್ ಕೆನಾಲ್ ಆಯಿತು, ಕ್ಯಾಪ್ ಬಂತು, ನೋವು ಹೋಗಲಿಲ್ಲ. ಕ್ಯಾಪ್ ತೆಗೆಸಿ ಮತ್ತೆ ರೂಟ್ ಕೆನಾಲ್ ಮಾಡಿದರು. ಕೊನೆಗೆ ನಾನೇ ಗೋಗರೆದು ಹಲ್ಲು ಕೀಳಿಸಿಕೊಂಡೆ. ಮನೆಗೆ ಬಂದು ಎರಡು ದಿನ ಹಾಯಾಗಿದ್ದೆ, ಮೂರನೇ ದಿನ ಮುಖ ತೊಳೆಯುವಾಗ ಅದೇ ನೋವು, ಹಲ್ಲಿಲ್ಲದ ಜಾಗದಲ್ಲಿ! 'ಪಕ್ಕದ ಹಲ್ಲಿನದಿರಬೇಕು, ಅದನ್ನೂ ನೋಡೋಣ' ಅಂದರು. ನಾನು ಹೂಂ ಅಂದೂಬಿಟ್ಟಿದ್ದೆ. ಅಷ್ಟು ಸೋತುಹೋಗಿದ್ದೆ.

ಉಳಿಸಿದವರು ಬಿಪಿಗೆ ನೋಡುವ ನಮ್ಮ ಊರಿನ ಡಾಕ್ಟರು. ಅವರು ಬಾಯಿ ತೆರೆಸಿ ನೋಡಲೇ ಇಲ್ಲ, ಸುಮ್ಮನೆ ಪ್ರಶ್ನೆ ಕೇಳಿದರು. ನೋವು ಎಷ್ಟು ಹೊತ್ತು ಇರುತ್ತೆ? ಕೆಲವೇ ಸೆಕೆಂಡು, ಕರೆಂಟ್ ಹೊಡೆದ ಹಾಗೆ. ಯಾವಾಗ ಬರುತ್ತೆ? ಹಲ್ಲುಜ್ಜುವಾಗ, ಬಸ್ಸಿನ ಕಿಟಕಿ ಗಾಳಿ ಕೆನ್ನೆಗೆ ಬಡಿದಾಗ, ಪಾಠ ಮಾಡುವಾಗ ಬಾಯಿ ತೆರೆದರೆ. ನಿದ್ದೆಯಲ್ಲಿ ಎಬ್ಬಿಸುತ್ತಾ? ಇಲ್ಲ. ಒಂದೇ ಕಡೆಗಾ? ಹೌದು. 'ಇದು ಹಲ್ಲಿನದಲ್ಲಮ್ಮಾ, ಮುಖದ ನರದ್ದು' ಅಂದು ನ್ಯೂರಾಲಜಿಸ್ಟ್ ಹತ್ತಿರ ಕಳಿಸಿದರು. ಎಂಆರ್‌ಐ ಆಯಿತು. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಅಂತೆ. ಟ್ರೈಜೆಮಿನಲ್ ಅಂದರೆ ಹಣೆ, ಕೆನ್ನೆ, ದವಡೆ ಮೂರಕ್ಕೂ ಕವಲೊಡೆಯುವ ನರ. ಅದು ಮಿದುಳಿನಿಂದ ಹೊರಡುವ ಜಾಗದಲ್ಲಿ ರಕ್ತನಾಳವೊಂದು ಒತ್ತಿದರೆ ಹೀಗೆ ಶಾಕ್ ಹೊಡೆಯುತ್ತದೆ. ಹಲ್ಲಿಗೆ ಹೋಗುವ ನರವೂ ಇದರ ಕವಲೇ, ಅದಕ್ಕೆ ನಮಗೆ ಹಲ್ಲು ನೋವು ಅಂತಲೇ ಅನ್ನಿಸುವುದು.

ಕಾರ್ಬಮಜೆಪೀನ್ ಮಾತ್ರೆ ಶುರುವಾದ ಒಂದೇ ವಾರಕ್ಕೆ ನಾನು ಹೆದರದೆ ಮುಖ ತೊಳೆದೆ. ಔಷಧಿ ಅಂಗಡಿಯವನು ಮಾತ್ರ 'ಇದು ಫಿಟ್ಸ್ ಮಾತ್ರೆ ಅಲ್ವಾ ಮೇಡಂ?' ಅಂತ ಹೆದರಿಸಿದ. ಹೌದು, ಫಿಟ್ಸ್‌ಗೂ ಕೊಡುತ್ತಾರೆ. ತಲೆಸುತ್ತು, ಮಂಪರು ಇವೆ, ಆಗಾಗ ರಕ್ತ ಪರೀಕ್ಷೆ ಬೇಕು, ಮೈಮೇಲೆ ಗುಳ್ಳೆ ಎದ್ದರೆ ತಕ್ಷಣ ಡಾಕ್ಟರಿಗೆ ತೋರಿಸಬೇಕು. ಯಾರೂ ಇದನ್ನು ಓದಿ ತಾವೇ ತಗೊಳ್ಳಬೇಡಿ ದಯವಿಟ್ಟು.

ದಂತವೈದ್ಯರನ್ನು ಬೈಯುವ ಉದ್ದೇಶ ನನಗಿಲ್ಲ. ನೂರರಲ್ಲಿ ತೊಂಬತ್ತಕ್ಕೂ ಜಾಸ್ತಿ ಜನಕ್ಕೆ ರೂಟ್ ಕೆನಾಲ್ ನೋವು ಕಳೆಯುತ್ತದೆ, ನನ್ನ ತಂಗಿಯ ಹಲ್ಲು ಹಾಗೇ ಉಳಿಯಿತು. ಆದರೆ ಎಕ್ಸ್‌ರೇ ಸರಿಯಿದ್ದೂ ನೋಯುತ್ತಿದೆ ಅಂದಾಗ 'ನಿಮ್ಮ ಮನಸ್ಸಿನದು' ಅನ್ನುವ ಬದಲು 'ನನಗೆ ಸಿಗುತ್ತಿಲ್ಲ, ನರದ ಡಾಕ್ಟರಿಗೆ ತೋರಿಸಿ' ಅಂತ ಒಂದು ಚೀಟಿ ಬರೆದುಕೊಟ್ಟಿದ್ದರೆ ನನ್ನ ಹಲ್ಲು ಉಳಿಯುತ್ತಿತ್ತು. ಇನ್ನೊಂದು, ಎಷ್ಟು ನಾಳ ಸಿಕ್ಕವು, ಎಷ್ಟು ದಿನದ ನೋವು ಸಹಜ, ಯಾವಾಗ ವಾಪಸ್ ಬರಬೇಕು, ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಡಲಿ. ನಾನು ಸಹಿ ಹಾಕಿದ್ದ ಒಪ್ಪಿಗೆ ಪತ್ರ ಎರಡು ಪುಟ ಇತ್ತು, ಪೂರ್ತಿ ಇಂಗ್ಲಿಷು. ನೋವು ನಿಲ್ಲದಿದ್ದರೆ ಏನು ಮಾಡಬೇಕು ಅನ್ನುವ ಒಂದು ಸಾಲೂ ಅದರಲ್ಲಿರಲಿಲ್ಲ.

ಒಬ್ಬ ಶಿಕ್ಷಕಿ, ಚಿತ್ರದುರ್ಗ