ವಿಷಯ: ಕೆಲಸ ಮಾಡದ ಟೆಂಪ್ಲೇಟು, ಕೆಲಸಕ್ಕೆ ಬಾರದ ಸಪೋರ್ಟು

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ಫೋನ್ ಮಾಡಿ ಆಯಿತು, ಚಾಟ್ ಮಾಡಿ ಆಯಿತು, ಈಗ ಬರೆಯುತ್ತಿದ್ದೇನೆ. ಹೆಂಡತಿಯ ಸಾಂಬಾರ್ ಪುಡಿ ವ್ಯಾಪಾರದ ಲೆಕ್ಕವನ್ನು ಇಮ್ಯಾಕ್ಸ್ ಅನ್ನೋ ಟೆಕ್ಸ್ಟ್ ಎಡಿಟರ್‌ನ ಆರ್ಗ್ ಮೋಡ್ ಟೇಬಲ್‌ನಲ್ಲಿ (ಬರಹದಲ್ಲೇ ಕೋಷ್ಟಕ ಮಾಡಿ ಸೂತ್ರ ಹಾಕುವ ಸೌಲಭ್ಯ) ಇಡೋಣ ಅಂತ ನಿಮ್ಮ ಕೋರ್ಸು, ಟೆಂಪ್ಲೇಟು, ಒಂದು ವರ್ಷದ ಸಪೋರ್ಟು ಎಲ್ಲಾ ಕೊಂಡವನು ನಾನು. ಆರ್ಗ್ ಮೋಡ್ ಪುಕ್ಕಟೆ, ಅದರ ಮ್ಯಾನುಯಲ್ಲೂ ಪುಕ್ಕಟೆ. ಅದನ್ನೇ ತಲೆಕೆಳಗು ಮಾಡಿ ಮಾರುವುದಕ್ಕೆ ನೀವು ದುಡ್ಡು ತಗೊಂಡಿದ್ದೀರಿ.

ನಿಮಗೆ ಗೊತ್ತೇ ಇರುತ್ತದೆ, ಮೊದಲ ಕಾಲಂನಲ್ಲಿ ! ಇದ್ದರೆ ಆ ಸಾಲಿನಲ್ಲಿ ಕಾಲಂಗಳ ಹೆಸರು. ^ ಇದ್ದರೆ ಮೇಲಿನ ಸಾಲಿನ ಮನೆಗಳ (ಸೆಲ್‌ಗಳ) ಹೆಸರು, _ ಇದ್ದರೆ ಕೆಳಗಿನ ಸಾಲಿನದು. ನೀವು ಒಟ್ಟು ಮೊತ್ತದ ಕೆಳಗೆ _ ಹಾಕಿದ್ದೀರಿ. ಹೆಸರು ಹೋಗಿ ಅದರ ಕೆಳಗಿನ ಖಾಲಿ ಮನೆಗೆ ಅಂಟಿಕೊಂಡಿದೆ. ಇನ್ನು ಜಾಹೀರಾತಿನಲ್ಲಿ ಕಾಲಂ ಹೆಸರು ಕನ್ನಡದಲ್ಲೇ ಇಡಿ ಅಂತ ದೊಡ್ಡದಾಗಿ ಬರೆದಿದ್ದೀರಲ್ಲ, ಆ ಹೆಸರುಗಳಿಗೆ ಇಂಗ್ಲಿಷ್ ಅಕ್ಷರವೇ ಬೇಕು, ಕನ್ನಡ ನಡೆಯುವುದಿಲ್ಲ. ಸೂತ್ರದಲ್ಲಿ $ಬೆಲೆ ಅಂತ ಬರೆದರೆ ಅದು ಹೆಸರು ಅಂತ ತಗೊಳ್ಳುವುದೇ ಇಲ್ಲ. ಕನ್ನಡಾಭಿಮಾನ ಒಳ್ಳೆಯದೇ, ಸ್ವಲ್ಪ ಟೆಸ್ಟ್ ಮಾಡಿ ತೋರಿಸಿದ್ದರೆ ಇನ್ನೂ ಒಳ್ಳೆಯದಿತ್ತು.

ಇದನ್ನು ಹೇಳಿದರೆ, ಹೆಸರು ಬಿಟ್ಟು ಈ ಸೂತ್ರ ಹಾಕಿ ಅಂತ ಚಾಟ್‌ನಲ್ಲಿ ಕಳಿಸಿದಿರಿ: $5=$3/$2*$4. ಇಲ್ಲಿ ಎರಡನೇ ಕಾಲಂ ಕೊಂಡ ಕೆಜಿ, ಮೂರನೇದು ಅದರ ಬೆಲೆ, ನಾಲ್ಕನೇದು ಬೇಕಾದ ಕೆಜಿ. ಈ ಸೂತ್ರಗಳ ಲೆಕ್ಕ ಮಾಡುವ ಇಮ್ಯಾಕ್ಸ್‌ನ ಕ್ಯಾಲ್ಕ್‌ನಲ್ಲಿ ಗುಣಾಕಾರ ಮೊದಲು, ಭಾಗಾಕಾರ ಆಮೇಲೆ. 10 ಕೆಜಿ ಬ್ಯಾಡಗಿ ಮೆಣಸಿನಕಾಯಿಗೆ 3000 ರೂಪಾಯಿ ಆದರೆ 2 ಕೆಜಿಗೆ 600 ಬರಬೇಕು. ನಿಮ್ಮ ಸೂತ್ರದಲ್ಲಿ 150 ಬರುತ್ತದೆ. ($3/$2)*$4 ಅಂತ ಒಂದು ಕಂಸ ಹಾಕಿದ್ದರೆ ಮುಗಿಯುತ್ತಿತ್ತು. ಆ 150 ನಂಬಿ ಹಬ್ಬದ ಆರ್ಡರಿಗೆ ರೇಟು ಹೇಳಿದ್ದೂ ಆಯಿತು.

ಆಮೇಲೆ ಆ ಫೋನ್ ಕಾಲ್. ನೀವು ರೆಕಾರ್ಡ್ ಮಾಡಿಕೊಳ್ಳುತ್ತೀರಂತೆ, ಕೇಳಿಸಿಕೊಳ್ಳಿ.

"ಸ್ಕ್ರೀನ್‌ಶಾಟ್ ನೋಡಿದೆ ಸರ್. ಎಲ್ಲಾ ಕಡೆ ಡಾಲರ್ ಹಾಕಿದ್ದೀರಲ್ಲ, ನಿಮ್ಮದು ಎಕ್ಸ್‌ಪೋರ್ಟ್ ಬಿಸಿನೆಸ್ಸಾ?"

"ಅಲ್ಲಪ್ಪ, ಅದು ಕಾಲಂ ನಂಬರಿನ ಗುರುತು. ನೀವೇ ಕಳಿಸಿದ ಸೂತ್ರ."

"ರೂಪಾಯಿ ಚಿಹ್ನೆ ಹಾಕಿ ನೋಡಿ ಸರ್."

@2$3 ಅಂದರೆ ಎರಡನೇ ಸಾಲು, ಮೂರನೇ ಕಾಲಂ ಅಂತ ಸಮಾಧಾನವಾಗಿ ಹೇಳಿದೆ. ಹೋಲ್ಡ್‌ನಲ್ಲಿಟ್ಟರು. ಸಂಗೀತ ಚೆನ್ನಾಗಿತ್ತು, ಅದರ ಬಗ್ಗೆ ದೂರಿಲ್ಲ. ವಾಪಸ್ ಬಂದು, "ಸೀನಿಯರ್ ಹತ್ರ ಕೇಳಿದೆ ಸರ್. ಈಕ್ವಲ್ ಟು ಸಮ್, ಬ್ರಾಕೆಟ್‌ನಲ್ಲಿ ಬಿ2 ಟು ಬಿ9, ಎಂಟರ್ ಒತ್ತಿ" ಅಂದರು. ಅದು ಎಕ್ಸೆಲ್ ಸ್ವಾಮಿ, ಇಲ್ಲಿ ಟೇಬಲ್ ಕೆಳಗೆ ಸೂತ್ರ ಬರೆಯುವ ಟಿಬಿಎಲ್‌ಎಫ್‌ಎಂ ಸಾಲಿನ ಮೇಲೆ ನಿಂತು ಕಂಟ್ರೋಲ್ ಸಿ ಎರಡು ಸಲ ಒತ್ತಬೇಕು ಅಂದೆ. ಅದಕ್ಕೆ ಬಂದ ಉತ್ತರ: "ಸರ್, ಮನೇಲಿ ಕಂಪ್ಯೂಟರ್ ಗೊತ್ತಿರೋ ಮಕ್ಕಳು ಯಾರಾದ್ರೂ ಇದ್ರೆ ಫೋನ್ ಕೊಡ್ತೀರಾ?"

ಫೋನ್ ಸ್ಪೀಕರ್‌ನಲ್ಲಿತ್ತು. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದವರೆಲ್ಲ ನಕ್ಕರು, ನನ್ನ ಹೆಂಡತಿಯೂ. ಕಾಲ್ ಕಟ್ ಆಗುವ ಮೊದಲೇ ಸಮಸ್ಯೆ ಬಗೆಹರಿದಿದೆ, ಐದು ಸ್ಟಾರ್ ಕೊಡಿ ಅಂತ ಮೆಸೇಜು ಬಂತು. ಯಾರ ಸಮಸ್ಯೆ ಬಗೆಹರಿಯಿತೋ ಅವರ ಹತ್ತಿರವೇ ಕೇಳಿ.

ಹೇಳಿದಂತೆ ಕೆಲಸ ಮಾಡದಿದ್ದರೆ ಪೂರ್ತಿ ಹಣ ವಾಪಸ್ ಅಂತ ನಿಮ್ಮ ಷರತ್ತಿನಲ್ಲೇ ಇದೆ. ಹುಡುಕಿಕೊಡಬೇಕಾಗಿಲ್ಲ ಅಲ್ವಾ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ನೀವು ಇಲ್ಲಿಗೆ ಓಡಾಡಬೇಕು, ನಾನಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಟೆಂಪ್ಲೇಟು, ಚಾಟು, ಆ ಐದು ಸ್ಟಾರಿನ ಮೆಸೇಜು ಎಲ್ಲಾ ಎತ್ತಿಟ್ಟಿದ್ದೇನೆ. ನಿಮ್ಮ ವಕೀಲರಿಗೆ ಈಗಲೇ ಹೇಳಿಡಿ, ಡಾಲರ್ ಗುರುತು ನೋಡಿ ವಿದೇಶಿ ವ್ಯವಹಾರ ಅಂದುಕೊಳ್ಳಬಾರದು ಅಂತ. ಹಣ ವಾಪಸ್ ಕೊಟ್ಟರೂ ದೂರು ಹಾಕುವ ಯೋಚನೆ ನಾನು ಬಿಟ್ಟಿಲ್ಲ.

ಇತಿ,
ಸದ್ಯಕ್ಕೆ ನಿಮ್ಮ ಗ್ರಾಹಕ