ಎಕೋ ನಾರ್ಮಲ್ ಬಂದರೂ ಜ್ವರ ಬಿಡದಿದ್ದರೆ?

ಸಂಪಾದಕರಿಗೆ ನಮಸ್ಕಾರ.

ಮುಂಬಯಿಯಲ್ಲಿ ಮಳೆಗಾಲದ ಜ್ವರ ಅಂದರೆ ಮಲೇರಿಯಾ, ಡೆಂಗಿ, ಟೈಫಾಯಿಡ್ ನೋಡುತ್ತಾರೆ. ಅದು ಸರಿಯೇ. ಆದರೆ ಹೃದಯದ ವಾಲ್ವ್ (ಕವಾಟ) ಬದಲಿಸಿಕೊಂಡವರಿಗೆ, ರುಮ್ಯಾಟಿಕ್ ಜ್ವರದಿಂದ (ಗಂಟಲು ಸೋಂಕಿನ ನಂತರ ಬರುವ ಕಾಯಿಲೆ) ವಾಲ್ವ್ ಹಾಳಾದವರಿಗೆ ವಾರ ಕಳೆದರೂ ಜ್ವರ ಬಿಡದಿದ್ದರೆ ವಾಲ್ವಿಗೇ ಸೋಂಕು ತಗಲಿರಬಹುದು, ಹೃದಯವನ್ನೂ ನೋಡಲೇಬೇಕು. ಎಕೋ (ಧ್ವನಿ ತರಂಗದಿಂದ ಹೃದಯ ನೋಡುವ ಪರೀಕ್ಷೆ) ವಿಭಾಗದಲ್ಲಿ ಟೆಕ್ನಿಷಿಯನ್ ಆಗಿರುವ ನಾನು ಇದನ್ನು ಕಣ್ಣಾರೆ ಕಂಡು ಬರೆಯುತ್ತಿದ್ದೇನೆ.

ಘಾಟ್ಕೋಪರ್ ಕಡೆಯ ಹೋಟೆಲಿನಲ್ಲಿ ಕೆಲಸ ಮಾಡುವ ಕುಂದಾಪುರದ ಹುಡುಗನೊಬ್ಬ ನಮ್ಮಲ್ಲಿಗೆ ಬಂದಿದ್ದ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್. ಬಿಟ್ಟು ಬಿಟ್ಟು ಚಳಿಜ್ವರ. "ಅಕ್ಕಾ, ಎದೆ ಎಕೋ ನಾರ್ಮಲ್ ಬಂತಲ್ಲ, ಮತ್ತೆ ಗಂಟಲೊಳಗಿಂದ ಯಾಕೆ?" ಅಂದ. ಕೇಳಬೇಕಾದ ಪ್ರಶ್ನೆಯೇ.

ಎದೆಯ ಮೇಲಿಂದ ನೋಡುವಾಗ ಪಕ್ಕೆಲುಬು, ಶ್ವಾಸಕೋಶ ಅಡ್ಡ ಬರುತ್ತವೆ. ಲೋಹದ ವಾಲ್ವಿನ ನೆರಳು ಅದರ ಹಿಂದಿರುವುದನ್ನು ಮುಚ್ಚಿಬಿಡುತ್ತದೆ. ಕೃತಕ ವಾಲ್ವಿನ ಸೋಂಕು ಇದ್ದರೂ ಸುಮಾರು ಅರ್ಧದಷ್ಟು ಸಲ ಈ ಎಕೋದಲ್ಲಿ ಕಾಣುವುದಿಲ್ಲ. ಅನ್ನನಾಳ ಹೃದಯದ ಬೆನ್ನಿಗೇ ಅಂಟಿಕೊಂಡಂತಿದೆ, ಗಂಟಲೊಳಗಿಂದ ಕೊಳವೆ ಇಳಿಸಿ ಅಲ್ಲಿಂದ ಎಕೋ ನೋಡಿದರೆ ತುಂಬಾ ಸ್ಪಷ್ಟ. ಖಾಲಿ ಹೊಟ್ಟೆಯಲ್ಲಿ ಬರಬೇಕು, ಕಟ್ಟಿಸಿದ ಹಲ್ಲಿದ್ದರೆ ತೆಗೆಯಬೇಕು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಎಡ ಮಗ್ಗುಲಿಗೆ ಮಲಗಿಸಿ, ಡಾಕ್ಟರು ನಿಧಾನವಾಗಿ ಕೊಳವೆ ಇಳಿಸುತ್ತಾರೆ. ಆ ಹುಡುಗನಿಗೆ ಕಂಡಿತು: ವಾಲ್ವಿನ ಅಂಚಿನಲ್ಲಿ, ಹೃದಯ ಬಡಿದಂತೆಲ್ಲ ಹರಿದ ಬಟ್ಟೆಯ ಚೂರಿನ ಹಾಗೆ ಪಟಪಟ ಹೊಯ್ದಾಡುವ ಗಂಟು. ರೋಗಾಣುಗಳು ಸೇರಿ ಕಟ್ಟಿದ ಇದನ್ನು ವೆಜಿಟೇಶನ್ ಅನ್ನುತ್ತಾರೆ. ಅದು 10 ಮಿಲಿಮೀಟರ್ ದಾಟಿದರೆ ಚೂರು ಕಿತ್ತು ಮೆದುಳಿಗೆ ಹೋಗುವ ಭಯ ಜಾಸ್ತಿ. ಮೊದಲ ಸಲ ಕಾಣದಿದ್ದರೂ ಅನುಮಾನ ಉಳಿದರೆ 5ರಿಂದ 7 ದಿನದೊಳಗೆ ಮತ್ತೆ ನೋಡಬೇಕಾಗುತ್ತದೆ. ರೋಗಿಗಳು ದುಡ್ಡು ದಂಡ ಅಂದುಕೊಳ್ಳುತ್ತಾರೆ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ.

ನನಗೆ ಇನ್ನೂ ಹೆಚ್ಚು ಸಂಕಟ ತರುವುದು ಮೆಡಿಕಲ್ ಅಂಗಡಿಯ ಗುಳಿಗೆ. ಸುಮ್ನೆ ಎರಡು ದಿನ ಆಂಟಿಬಯೋಟಿಕ್ ನುಂಗಿ ಬಂದರೆ ಬ್ಲಡ್ ಕಲ್ಚರಿನಲ್ಲಿ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಯಾವ ರೋಗಾಣು ಅಂತಲೇ ಸಿಗದೆ ಹೋಗಬಹುದು. ಕೃತಕ ವಾಲ್ವಿನ ಸೋಂಕಿಗೆ ಕಡಿಮೆಯೆಂದರೆ 6 ವಾರ ನರಕ್ಕೆ ಔಷಧಿ ಕೊಡಬೇಕು. ಯಾವ ಔಷಧಿ ಅನ್ನುವುದು ಆ ಕಲ್ಚರಿನ ಮೇಲೆ ನಿಂತಿದೆ, ಅಲ್ವಾ?

ಇಲ್ಲಿನ ಕನ್ನಡ ಸಂಘಗಳು ಆರೋಗ್ಯ ಶಿಬಿರ ಮಾಡುತ್ತವೆ. ಸಕ್ಕರೆ, ಬಿಪಿ ನೋಡುವಾಗ ವಾಲ್ವಿನ ತೊಂದರೆ ಇದೆಯೇ ಅಂತಲೂ ಕೇಳಿ. ಇದ್ದವರ ಕೈಗೆ ಒಂದು ಚೀಟಿ ಕೊಡಿ: ಜ್ವರ ಬಂದರೆ ಆಂಟಿಬಯೋಟಿಕ್ ಗುಳಿಗೆಗೆ ಮೊದಲು ಕಲ್ಚರ್ ಪರೀಕ್ಷೆಗೆ ರಕ್ತ ಕೊಡಿ, ವಾಲ್ವಿನ ತೊಂದರೆ ಇರುವ ವಿಷಯ ಡಾಕ್ಟರಿಗೆ ಹೇಳಿ. ಹೋಟೆಲ್ ಮಾಲೀಕರೂ ತಮ್ಮ ಹುಡುಗರಿಗೆ ಇದನ್ನು ತಿಳಿಸಲಿ.

– ಎಕೋ ಟೆಕ್ನಿಷಿಯನ್, ಡೊಂಬಿವಲಿ