ಬಹುಮತ ಇದ್ರೆ ಸಾಕಾ?

ಸಂಪಾದಕರೇ,

ಮೊನ್ನೆ ನಮ್ಮ ಹೌಸಿಂಗ್ ಸೊಸೈಟಿ ಮೀಟಿಂಗಲ್ಲಿ ಬಾಡಿಗೆಯವರು ಮನೇಲಿ ಮೀನು ಬೇಯಿಸಬಾರದು ಅಂತ ಕೈ ಎತ್ತಿಸಿ ಠರಾವು ಪಾಸ್ ಮಾಡಿದ್ರು, ಯಾಕ್ರೀ ಅಂದ್ರೆ "ಮೆಜಾರಿಟಿ ಇದೆಯಲ್ಲ" ಅಷ್ಟೇ ಉತ್ತರ. ಲಿಫ್ಟ್ ರಿಪೇರಿ, ನೀರು ಬಿಡೋ ಟೈಮು ಇಂಥದಕ್ಕೆ ಓಟು ಹಾಕಿ, ಸರಿ, ಆದ್ರೆ ಒಬ್ಬರ ಅಡುಗೆಮನೆಗೂ ಓಟಾ? ನಮ್ಮ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಕೇಸಲ್ಲಿ 1973ರಲ್ಲಿ ಸುಪ್ರೀಂ ಕೋರ್ಟಿನ 13 ಜಡ್ಜ್‌ಗಳ ಪೀಠ ಹೇಳಿದ್ದೇನು, ಪಾರ್ಲಿಮೆಂಟಿಗೆ ಎಷ್ಟೇ ಬಹುಮತ ಇರ್ಲಿ, ಸಂವಿಧಾನದ ಮೂಲ ರಚನೆ, ಅಂದ್ರೆ ಅದರ ಅಡಿಪಾಯದಂಥ ತತ್ವಗಳನ್ನ, ಕೆಡಿಸೋ ಹಾಗಿಲ್ಲ ಅಂತ. ಸೊಸೈಟಿ ಪಾರ್ಲಿಮೆಂಟ್ ಅಲ್ಲ, ಗೊತ್ತು, ಆದ್ರೂ ಪಾರ್ಲಿಮೆಂಟಿಗೇ ಇರೋ ಮಿತಿ ನಮ್ಮ ಕಮಿಟಿಗೆ ಬೇಡ್ವಾ? ಆ ಬಾಡಿಗೆಯವರು ಮಂಗಳೂರು ಕಡೆಯವರು, ಪಾಪ, ಮನೆ ಖಾಲಿ ಮಾಡ್ತೀವಿ ಅಂತಿದಾರೆ. ಮುಂದಿನ ಮೀಟಿಂಗಲ್ಲಿ ನಾನೊಬ್ಬಳೇ ಆದ್ರೂ ಸರಿ, ವಿರೋಧ ಬರೆಸ್ತೀನಿ.

– ಓದುಗಳು, ಮುಲುಂಡ್, ಮುಂಬೈ